ಹಿಲ್ಮಮ್ಮನ ಹಬೆಕೋಣೆ

ಆದೋನಿಯ ಹತ್ತಿ ವ್ಯಾಪಾರಿ ಕೊಟ್ರಬಸಪ್ಪನವರ ಹೆಂಡತಿ ಮಹಾಂತಮ್ಮನಿಗೆ ಒಂದು ವಸ್ತುವಿನ ವಿಷಯ ಕಿವಿಗೆ ಬಿದ್ದರೆ ಸಾಲದು, ಅದನ್ನು ಕಣ್ಣಾರೆ ನೋಡಬೇಕು, ಆಗುವುದಾದರೆ ಕೈಯಿಂದ ಮುಟ್ಟಬೇಕು. ಒಮ್ಮೆ ರಾಯಚೂರಿಗೆ ಹೋಗುವಾಗ ರೈಲು ನಿಂತ ಹೊತ್ತಿನಲ್ಲಿ ಎಂಜಿನ್ನಿನವನಿಂದ ಕಲ್ಲಿದ್ದಲಿನ ತುಂಡೊಂದನ್ನು ಕೇಳಿ ಪಡೆದು, ಸೆರಗಿನಲ್ಲಿ ಕಟ್ಟಿ ತಂದು, ಒಲೆಗೆ ಹಾಕಿ ಅಡುಗೆಮನೆಯನ್ನೆಲ್ಲ ಹೊಗೆ ಮಾಡಿದ್ದಳು. ಆಗಲೇ ಅವಳಿಗೆ ನಲವತ್ತು ಹತ್ತಿರವಾಗಿತ್ತು, ಮಗಳು ಪಂಪಮ್ಮನಿಗೆ ಗಂಡು ನೋಡುತ್ತಿದ್ದರು. "ಈ ವಯಸ್ಸಿನಾಗ ಇದೇನು ನಿಂದು?" ಎಂದು ಗಂಡ ಕೇಳಿದ್ದಕ್ಕೆ, "ಹೆಂಗ ಉರೀತೈತಿ ಅಂತ ನೋಡಿದ್ನಿ," ಎಂದಷ್ಟೇ ಹೇಳಿದ್ದಳು.

ಅಂಥವಳ ಮನೆಯ ಮಗ್ಗುಲಿಗೇ 1938ರ ಸಂಕ್ರಾಂತಿ ಕಳೆದ ಮೇಲೆ ಒಂದು ಬಿಳಿಯ ಜೋಡಿ ಬಂದು ಇಳಿಯಿತು. ಕೊಟ್ರಬಸಪ್ಪನವರು ತಮ್ಮ ಜಿನ್ನಿಂಗ್ ಮಿಲ್ಲಿಗೆ ದೊಡ್ಡದೊಂದು ಆಯಿಲ್ ಎಂಜಿನ್ ತರಿಸಿದ್ದರು. ಅದನ್ನು ಕೂಡಿಸಿ, ಒಂದು ವರ್ಷ ಜೊತೆಗಿದ್ದು, ಮಿಲ್ಲಿನ ಮಿಸ್ತ್ರಿ ದಸ್ತಗಿರಿಗೆ ಅದರ ಕೆಲಸ ಕಲಿಸಿ ಹೋಗಲು ಮುಂಬಯಿಯ ಕಂಪನಿಯವರು ಯಾಲ್ಮರಿ ಎಂಬ ಫಿಟ್ಟರನನ್ನು ಕಳಿಸಿದ್ದರು. ಹಿಂದೆ ಹಡಗುಗಳ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಅವನ ಹೆಸರು ನಾಲಿಗೆಗೆ ಸಿಗದೆ ಆಳುಗಳು ‘ಮರಿ ಸಾಹೇಬ್ರು’ ಎಂದು ಕರೆದರು. ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸಬೇಕಾದ ಆಳು ಅವನು. ಹೆಂಡತಿಯ ಹೆಸರು ಹಿಲ್ಮಾ. ಅದು ಎರಡೇ ದಿನಕ್ಕೆ ಹಿಲ್ಮಮ್ಮ ಆಯಿತು. ಕೊಟ್ರಬಸಪ್ಪನವರ ಹಿತ್ತಲಿಗೆ ಅಂಟಿಕೊಂಡಿದ್ದ ಸಣ್ಣ ಮನೆಯನ್ನು ಅವರಿಗೆ ಬಿಟ್ಟುಕೊಟ್ಟರು.

"ಇಂಗ್ಲಿಷ್ ಮಂದಿ ಏನು?" ಎಂದು ಮಹಾಂತಮ್ಮ ದಸ್ತಗಿರಿಯನ್ನು ಕೇಳಿದಳು.

"ಅಲ್ಲ್ರಿ ಅಮ್ಮಾರ. ಫಿನ್ಲೆಂಡ್ ಅಂತ ಮುಲುಕ್ ಐತಂತ್ರಿ. ಇಂಗ್ಲಿಷಿನವ್ರ ಊರಿಗಿಂತ ಇನ್ನಾ ಉತ್ತರಕ್ಕ. ಅಲ್ಲಿ ಕೆರಿ ನೀರು ಕಲ್ಲಾಗಿ, ಅದರ ಮ್ಯಾಲೆ ಬಂಡಿ ಹೊಡೀತಾರಂತ."

ಮರುದಿನವೇ ಮಹಾಂತಮ್ಮ ತಟ್ಟೆಯಲ್ಲಿ ಬಾಳೆಹಣ್ಣು, ಸಕ್ಕರೆ ಇಟ್ಟುಕೊಂಡು ಹೊರಟಳು. ಹಿಲ್ಮಾ ಮೂವತ್ತೈದರ ಆಸುಪಾಸಿನ ಹೆಂಗಸು. ಒಣಗಿದ ಜೋಳದ ದಂಟಿನ ಬಣ್ಣದ ಕೂದಲನ್ನು ಬಿಗಿಯಾಗಿ ಹೆಣೆದು ತಲೆಗೆ ಸುತ್ತಿಕೊಂಡಿದ್ದಳು. ಹಣ್ಣು ತೆಗೆದುಕೊಂಡು, ಕುರ್ಚಿ ತೋರಿಸಿ, ತಾನು ಎದುರಿಗೆ ಕೂತು ಉಣ್ಣೆಯ ಹೆಣಿಗೆ ಹಿಡಿದಳು. ಮುಂಬಯಿಯಲ್ಲಿ ಇದ್ದು ಬಂದುದರಿಂದ ಅವಳಿಗೆ ಮುರುಕು ಹಿಂದೂಸ್ತಾನಿ ಬರುತ್ತಿತ್ತು, ಮಹಾಂತಮ್ಮನಿಗೆ ಪೇಟೆಯ ದಖನಿ ಉರ್ದು ಬರುತ್ತಿತ್ತು. ಮಾತಿಗೆ ಅಡ್ಡಿಯೇನೂ ಇರಲಿಲ್ಲ. ಆದರೂ ಹಿಲ್ಮಾ ಮಾತಾಡಲಿಲ್ಲ. ಮಕ್ಕಳೆಷ್ಟು ಎಂದರೆ "ಇಲ್ಲ" ಎಂದಳು. ಊರು ಹಿಡಿಸಿತೇ ಎಂದರೆ "ಹೌದು" ಎಂದಳು. ಆಮೇಲೆ ಹೆಣಿಗೆ ಕಡ್ಡಿಗಳ ಸದ್ದು ಮಾತ್ರ.

ಮನೆಗೆ ಬಂದ ಮಹಾಂತಮ್ಮ, "ನಾ ಹೋಗಿದ್ದು ಆಕಿಗೆ ಬ್ಯಾಡಾಗಿತ್ತೇನೋ," ಎಂದು ಮುಖ ಸಣ್ಣದು ಮಾಡಿಕೊಂಡಳು.

ಅದನ್ನು ಕೇಳಿಸಿಕೊಂಡ ದಸ್ತಗಿರಿ ನಕ್ಕ. "ಹಂಗಲ್ಲ್ರಿ. ಸಾಹೇಬ್ರೂ ಹಂಗ ಅದಾರ. ಮುಂಜಾನಿಂದ ಸಂಜಿತನ ನನ್ನ ಜೋಡಿ ನಾಕು ಮಾತು ಆಡಿದ್ರ ಹೆಚ್ಚು. ನನ್ನ ಮ್ಯಾಲೆ ಸಿಟ್ಟೇನ್ರಿ ಅಂತ ಕೇಳೇಬಿಟ್ಟೆ. ನಮ್ಮ ಮುಲುಕಿನ್ಯಾಗ ಬಾಜೂಕ ಸುಮ್ಮನ ಕುಂತ್ರ ಅದು ದೋಸ್ತಿ, ಅಂದ್ರು."

ಇದನ್ನು ಪರೀಕ್ಷೆ ಮಾಡದೆ ಬಿಡುವವಳಲ್ಲ ಮಹಾಂತಮ್ಮ. ಮರುದಿನ ಮೊರದ ತುಂಬ ಶೇಂಗಾ ಹಾಕಿಕೊಂಡು ಹೋಗಿ, ಹಿಲ್ಮಾಳ ಹೊಸ್ತಿಲ ಬಳಿ ಕೂತು, ಒಂದು ಮಾತೂ ಆಡದೆ ಸುಲಿಯತೊಡಗಿದಳು. ಮೊದಮೊದಲು ಮಾತು ಬಂದಾಗಲೆಲ್ಲ ಒಂದು ಶೇಂಗಾ ಬಾಯಿಗೆ ಹಾಕಿಕೊಂಡಳು. ಆಮೇಲೆ ಮಿಲ್ಲಿನ ಸದ್ದಿನ ನಡುವೆಯೂ ಸೂರಿನ ಗುಬ್ಬಿಗಳು ಕೇಳಿಸಿದವು, ದೂರದಲ್ಲಿ ಯಾರೋ ಹತ್ತಿ ಬಂಡಿಯ ಎತ್ತುಗಳನ್ನು ಗದರುವುದು ಕೇಳಿಸಿತು. ಮೊರ ಖಾಲಿಯಾಗಿ ಏಳುವಾಗ ಹಿಲ್ಮಾ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ನಾಳೆಯೂ ಬಾ ಎಂದಳು.

ದಿನಗಳು ಹೋದಂತೆ ಮಾತೂ ಬಂತು. ಕನ್ನಡ, ದಖನಿ, ಮಿಲ್ಲಿನ ಕೂಲಿ ಹೆಂಗಸರಿಂದ ಕಲಿತ ತೆಲುಗು ಎಲ್ಲ ಸೇರಿದ ಮಾತು. ಹಿಲ್ಮಾಳ ಊರು ಫಿನ್ಲೆಂಡಿನಲ್ಲೂ ಬಹಳ ಉತ್ತರಕ್ಕೆ ಇತ್ತಂತೆ. ಅಲ್ಲಿ ನಡು ಚಳಿಗಾಲದಲ್ಲಿ ಕೆಲವು ವಾರ ಸೂರ್ಯ ಹುಟ್ಟುವುದೇ ಇಲ್ಲ. ಮಧ್ಯಾಹ್ನಕ್ಕೆ ಆಕಾಶದ ಅಂಚು ಒಂದಿಷ್ಟು ನೀಲಿಯಾಗಿ ಮತ್ತೆ ಕಪ್ಪಾಗುತ್ತದೆ. ಮಹಾಂತಮ್ಮ ಇದನ್ನು ಮನೆಯಲ್ಲಿ ಹೇಳಿದಾಗ ಕೊಟ್ರಬಸಪ್ಪನವರು ನಂಬಲಿಲ್ಲ. ಅವರ ಮನೆಗೆ ಬಂದು ಹೋಗಿ ಮಾಡುತ್ತಿದ್ದ ಮಠದ ಗುರುಪಾದಯ್ಯನವರು ಮಾತ್ರ, "ಆಕಿನ್ನ ಕರೀರಿ, ಕೇಳೋಣು," ಎಂದರು.

ಹಿಲ್ಮಾ ಬಂದು ಪಡಸಾಲೆಯಲ್ಲಿ ಕೂತಳು. ಗುರುಪಾದಯ್ಯನವರು ಕೇಳಿದರು: "ಸೂರ್ಯ ಹುಟ್ಟದಿದ್ರ ಮುಂಜಾನಿ ಆತು ಅಂತ ಹೆಂಗ ತಿಳೀತೈತಿ ತಾಯಿ? ಕೋಳಿ ಹೆಂಗ ಕೂಗತೈತಿ?"

"ಕೋಳಿ ಒಳಗೆ, ಒಲೆ ಬಾಜೂ ಇರತೈತಿ," ಎಂದಳು ಹಿಲ್ಮಾ. "ಅಮ್ಮ ಏಳುತ್ತಾಳೆ, ದೀಪ ಹಚ್ಚುತ್ತಾಳೆ. ಕೋಳಿಗೆ ಅದೇ ಬೆಳಗು."

ಗುರುಪಾದಯ್ಯನವರು ಹಣೆಯ ವಿಭೂತಿಯನ್ನು ಒಮ್ಮೆ ಮುಟ್ಟಿಕೊಂಡು, "ಹಂಗಾದ್ರ ಆ ದೇಶದಾಗ ಹೆಣ್ಣುಮಕ್ಕಳು ಎದ್ದ ಮ್ಯಾಲೇ ಬೆಳಗು," ಎಂದು ತಮಗೆ ತಾವೇ ಹೇಳಿಕೊಂಡರು. ಆ ದಿನದಿಂದ ಅವರಿಗೂ ಹಿಲ್ಮಾಳ ದೇಶದ ಹುಚ್ಚು ಹಿಡಿಯಿತು. ಬಂದಾಗಲೆಲ್ಲ ಒಂದು ಪ್ರಶ್ನೆ ಇಟ್ಟುಕೊಂಡೇ ಬರುತ್ತಿದ್ದರು. ದನಕ್ಕೆ ಮೇವು? ಬೇಸಿಗೆಯಲ್ಲಿ ಕೊಯ್ದು ಒಣಗಿಸಿಟ್ಟ ಹುಲ್ಲು. ಬಟ್ಟೆ ಒಣಗುವುದು ಹೇಗೆ? ಹೊರಗೆ ಹಾಕಿದರೆ ಹಲಗೆಯಾಗುತ್ತದೆ, ಕೊಡವಿದರೆ ಒಣಗಿರುತ್ತದೆ. ಈ ಕೊನೆಯದನ್ನು ನಂಬುವುದೋ ಬಿಡುವುದೋ ಎಂದು ಅವರಿಗೆ ತಿಳಿಯಲಿಲ್ಲ.

ಊಟದ ಮಾತು ಬಂದಾಗ ಹಿಲ್ಮಾ ನೆಲದ ಮೇಲೆ ಬೆರಳಿನಿಂದ ಬಳೆಯಂಥದ್ದನ್ನು ಬರೆದು ತೋರಿಸಿದಳು. ಅವರ ಕಡೆ ರೊಟ್ಟಿಯನ್ನು ವರ್ಷಕ್ಕೆ ಕೆಲವೇ ಸಲ ಸುಟ್ಟು, ನಡುವೆ ತೂತು ಮಾಡಿ, ಉದ್ದ ಕೋಲಿಗೆ ಪೋಣಿಸಿ ಜಂತೆಗೆ ತೂಗುಹಾಕುತ್ತಾರಂತೆ. ತಿಂಗಳುಗಟ್ಟಲೆ ತಿನ್ನುತ್ತಾರಂತೆ. ಮಹಾಂತಮ್ಮ ಒಳಗೆ ಹೋಗಿ ಖಡಕ್ ಜೋಳದ ರೊಟ್ಟಿಯ ಬುಟ್ಟಿಯನ್ನೇ ತಂದು ಮುಂದಿಟ್ಟಳು. ಹಿಲ್ಮಾ ಒಂದು ತುಂಡು ಮುರಿದು ಅಗಿದು, ಕಣ್ಣು ಮುಚ್ಚಿಕೊಂಡು ಇನ್ನೊಂದು ತುಂಡಿಗೆ ಕೈ ಚಾಚಿದಳು.

ಆದರೆ ಬಿಸಿಲಿನ ವಿಷಯದಲ್ಲಿ ಅವಳು ಯಾರ ಮಾತನ್ನೂ ಕೇಳಲಿಲ್ಲ. ಮಾಘದ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಮುಖ ಮೇಲೆತ್ತಿ ಕೂರುತ್ತಿದ್ದಳು. ಮುಖ ಕೆಂಪಾಗಿ ಸಿಪ್ಪೆ ಎದ್ದರೂ ಎದ್ದು ಹೋಗುತ್ತಿರಲಿಲ್ಲ. ಸೂರ್ಯನಿಗಾಗಿ ಕಾದು ಕಾದು ಬೆಳೆದವಳು ನಾನು, ಇಲ್ಲಿ ಬೇಡದಷ್ಟು ಸಿಗುವಾಗ ಒಳಗೆ ಹೇಗೆ ಕೂರಲಿ ಎಂಬುದು ಅವಳ ವಾದ.

"ಈ ಬಿಸಲು ಬಿಸಲಲ್ಲ," ಎಂದು ಮಹಾಂತಮ್ಮ ಹೇಳಿದಳು. "ಉಗಾದಿ ಆಗ್ಲಿ, ಆಮ್ಯಾಲೆ ಕುಂದ್ರು, ನೋಡೋಣು."

ಯುಗಾದಿ ಆಯಿತು. ಬೆಟ್ಟದ ಬಂಡೆಗಳು ಕಾದು, ಸಂಜೆಯಾದರೂ ಊರಿನ ಮೇಲೆ ಝಳ ಬಿಡತೊಡಗಿದವು. ಊರಿನವರೆಲ್ಲ ಹೊತ್ತು ಏರುವ ಮೊದಲೇ ಬಾಗಿಲು, ಕಿಟಕಿ ಮುಚ್ಚಿ ಒಳಗಾಗುತ್ತಿದ್ದರೆ, ಹಿಲ್ಮಾ ಗಾಳಿ ಬರಲೆಂದು ಎಲ್ಲವನ್ನೂ ತೆರೆದಿಡುತ್ತಿದ್ದಳು. ಮನೆ ಕುಂಬಾರನ ಆವಿಗೆಯಂತಾಗಿತ್ತು. ಯಾಲ್ಮರಿ ತಗಡಿನ ಸೂರಿನ ಕೆಳಗೆ, ಬರಿದಲೆಯಲ್ಲಿ, ನಡು ಮಧ್ಯಾಹ್ನ ಎಂಜಿನ್ನಿನ ಪೈಪುಗಳನ್ನು ಜೋಡಿಸುತ್ತಿದ್ದ. ದಸ್ತಗಿರಿ ಟವೆಲು ಕೊಟ್ಟರೆ ಬೇಡವೆನ್ನುತ್ತಿದ್ದ. ಒಂದು ದಿನ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಜಾರಿ ಬಿತ್ತು, ಅದನ್ನು ಎತ್ತಲು ಬಗ್ಗಿದವನು ಹಾಗೆಯೇ ಕುಸಿದ. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು, ಬೆವರು ಒಂದು ಹನಿಯೂ ಇರಲಿಲ್ಲ.

ನಾಲ್ಕು ಜನ ಹೊತ್ತು ತಂದು ಕೊಟ್ರಬಸಪ್ಪನವರ ನಡುಮನೆಯಲ್ಲಿ ಮಲಗಿಸಿದರು. ಅಲ್ಲಿ ಗೋಡೆ ಮೊಳಗಟ್ಟಲೆ ದಪ್ಪ, ಕಿಟಕಿಯಿಲ್ಲದೆ ತಂಪು. ಆ ಹೊತ್ತಿಗೆ, ಮದುವೆಯಾಗಿ ಗಂಡನ ಮನೆಯಲ್ಲಿದ್ದ ಪಂಪಮ್ಮನ ಮೊದಲ ಬಸಿರಿನ ವಿಚಾರ ಮಾತಾಡಲು ಬಂದಿದ್ದ ಸೂಲಗಿತ್ತಿ ಉಚ್ಚಮ್ಮ ಅವನ ಕಣ್ಣುರೆಪ್ಪೆ ಎತ್ತಿ ನೋಡಿ, "ವಡದೆಬ್ಬ ಬಡದೈತಿ. ಬಿಸಲು ತಲಿಗೆ ಹೊಕ್ಕೈತಿ," ಎಂದಳು. ಒದ್ದೆ ಬಟ್ಟೆಯನ್ನು ಮೈತುಂಬ ಹೊದಿಸಿ ಬೀಸಣಿಗೆ ಬೀಸಿದರು. ಅಂಗಾಲಿಗೆ ಉಳ್ಳಾಗಡ್ಡಿ ಜಜ್ಜಿ ಉಜ್ಜಿದರು. ಎಚ್ಚರ ಬಂದ ಮೇಲೆ ಸುಟ್ಟ ಮಾವಿನಕಾಯಿಯ ತಿರುಳಿಗೆ ಬೆಲ್ಲ, ಉಪ್ಪು ಹಾಕಿ ಕಿವುಚಿದ ಪಾನಕವನ್ನು ಗುಟುಕು ಗುಟುಕಾಗಿ ಕುಡಿಸಿದರು. ಹಿಲ್ಮಾ ಗಂಡನ ತಲೆಯ ಬಳಿ ಕೂತು ಪ್ರತಿಯೊಂದನ್ನೂ ನೋಡುತ್ತಿದ್ದಳು, ಇದು ಏಕೆ, ಅದು ಏಕೆ ಎಂದು ಕೇಳುತ್ತಿದ್ದಳು. ಸಂಜೆಗೆ ಅವನು ಮಾತಾಡಿದ ಮೇಲೆ ಎದ್ದು ಗೋಡೆಯ ಕಡೆ ತಿರುಗಿ ನಿಂತು ಸ್ವಲ್ಪ ಅತ್ತಳು.

ಮರುದಿನದಿಂದ ಮಹಾಂತಮ್ಮ ಅವಳಿಗೆ ಬೇಸಿಗೆ ಕಲಿಸಿದಳು. ನಸುಕಿನಲ್ಲೇ ಎದ್ದು ಕೆಲಸ ಮುಗಿಸುವುದು, ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟುವುದು, ಮಧ್ಯಾಹ್ನ ಅಂಬಲಿ ಕುಡಿದು ನೆಲದ ಮೇಲೆ ಮಲಗುವುದು, ಸಂಜೆ ಮಾಳಿಗೆಗೆ ನೀರು ಚಿಮುಕಿಸಿ ಹಾಸಿಗೆ ಹಾಸುವುದು. ಹಿಲ್ಮಾ ಎಲ್ಲವನ್ನೂ ಒಪ್ಪಿಕೊಂಡು ಮಾಡಿದಳು. ಮುಚ್ಚಿದ ಬಾಗಿಲ ಹಿಂದಿನ ನಸುಗತ್ತಲಲ್ಲಿ ಕೂತು, ತನ್ನ ಊರಿನಲ್ಲೂ ಹೀಗೆಯೇ ಎಂದಳು. ಚಳಿ ಶುರುವಾಗುವ ಮೊದಲು ಕಿಟಕಿಗೆ ಎರಡನೆಯ ಗಾಜು ಕೂಡಿಸಿ, ನಡುವೆ ಉಣ್ಣೆ ತುರುಕಿ, ಸಂದಿಗೆಲ್ಲ ಕಾಗದ ಅಂಟಿಸುತ್ತಾರೆ.

"ಮತ್ತ ಅದನ್ನ ತೆರಿಯೂದು ಯಾವಾಗ?"

"ಕೆರೆ ಕರಗಿದಾಗ," ಎಂದಳು ಹಿಲ್ಮಾ.

ಬೇಸಿಗೆ ಹದಕ್ಕೆ ಬಂತು ಎಂದು ಎಲ್ಲರೂ ಅಂದುಕೊಂಡಿರುವಾಗ ಹಿಲ್ಮಾ ಒಂದು ಸಂಜೆ ಬಂದು ಹಿತ್ತಲಿನ ಮೂಲೆಯಲ್ಲಿ ಸ್ವಲ್ಪ ಜಾಗ ಕೇಳಿದಳು. ಒಂದು ಕೋಣೆ ಕಟ್ಟಬೇಕಂತೆ. ಏನಕ್ಕೆ ಎಂದರೆ, ಒಳಗೆ ಕಲ್ಲು ಕಾಯಿಸಿ, ಅದರ ಮೇಲೆ ನೀರು ಹಾಕಿ, ಆ ಹಬೆಯಲ್ಲಿ ಕೂರಲಿಕ್ಕೆ. ಅವರ ಭಾಷೆಯಲ್ಲಿ ಅದಕ್ಕೆ ಸೌನಾ ಎನ್ನುತ್ತಾರೆ. ಅಲ್ಲಿ ಪ್ರತಿ ಶನಿವಾರ ಮನೆಮಂದಿಯೆಲ್ಲ ಕೂರುತ್ತಾರೆ. ಅದಿಲ್ಲದೆ ತನಗೆ ವಾರ ಮುಗಿದಂತೆಯೇ ಆಗುವುದಿಲ್ಲ.

ಕೊಟ್ರಬಸಪ್ಪನವರು ಹೆಂಡತಿಯನ್ನು ಒಳಗೆ ಕರೆದು, "ಗಂಡಗ ಬಡದ ಬಿಸಲು ಆಕಿಗೂ ಬಡದೈತಿ. ಈ ಉರಿಯೊಳಗ ಕಲ್ಲು ಕಾಸ್ತಾಳಂತ," ಎಂದರು.

"ಕಟ್ಲಿ ಬಿಡ್ರಿ," ಎಂದಳು ಮಹಾಂತಮ್ಮ. "ನಾನೂ ನೋಡಬೇಕು ಅದನ್ನ."

ಗೋಡೆಗೆ ಕಲ್ಲು, ಮಣ್ಣು. ಮೇಲೆ ಕಡಪಾ ಬಂಡೆ ಹಾಸಿ ಗಾರೆ. ಗಾಳಿ ಮಳೆಗೆ ಒಂದು ಹನಿ ಸೋರದಂತೆ ಯಾಲ್ಮರಿ ಎಂಜಿನ್ ಕೂಡಿಸುವಷ್ಟೇ ಕಟ್ಟುನಿಟ್ಟಾಗಿ ನಿಂತು ಕಟ್ಟಿಸಿದ. ಹೊಗೆ ಹೋಗಲು ಮಿಲ್ಲಿನ ಹಳೆಯ ಪೈಪು. ಕೂರುವ ಹಲಗೆಗಳಿಗೆ ಎಂಜಿನ್ ಬಂದ ಪೆಟ್ಟಿಗೆಯ ಮರ. ಅದು ಅವಳ ಊರಿನ ಕಾಡಿನಲ್ಲಿ ಬೆಳೆಯುವ ಜಾತಿಯದೇ ಅಂತೆ, ಹಿಲ್ಮಾ ಹಲಗೆಗೆ ಮೂಗು ಇಟ್ಟು ನಿಂತದ್ದನ್ನು ಮಹಾಂತಮ್ಮ ನೋಡಿದಳು. ಕಲ್ಲಿನದೇ ತೊಂದರೆಯಾಯಿತು. ಬೆಟ್ಟದಿಂದ ತಂದ ಕಲ್ಲುಗಳು ಕಾದ ಮೇಲೆ ನೀರು ಬಿದ್ದೊಡನೆ ಪಟಾಕಿಯಂತೆ ಸಿಡಿದವು. ಮೂರ್ನಾಲ್ಕು ಕಡೆಯ ಕಲ್ಲು ತಂದು ಸುಟ್ಟು ನೋಡಿ, ಕಡೆಗೆ ಹೊಲವೊಂದರ ಬದುವಿನಲ್ಲಿದ್ದ ಕರಿಗುಂಡುಗಳು ತಡೆದುಕೊಂಡವು.

ಅವರ ಊರಿನಲ್ಲಿ ಎಲೆಗಳಿರುವ ಎಳೆ ಕೊಂಬೆಗಳ ಕಟ್ಟಿನಿಂದ ಮೈಗೆ ಹೊಡೆದುಕೊಳ್ಳುತ್ತಾರೆ. ಆ ಮರ ಇಲ್ಲಿಲ್ಲವಾದ್ದರಿಂದ ಹಿಲ್ಮಾ ಬೇವಿನ ಸೊಪ್ಪನ್ನು ಕಟ್ಟಿಕೊಂಡಳು. ಅಲ್ಲಿಗೆ ಊರಿನಲ್ಲಿ ಗುಲ್ಲು ಎದ್ದಿತು. ಬೇವಿನ ಸೊಪ್ಪಿನಿಂದ ಹೊಡೆಯುವುದು ಯಾರಿಗೆ, ಏಕೆ ಎಂದು ಯಾರಿಗೆ ಗೊತ್ತಿಲ್ಲ? ಬಾವಿಕಟ್ಟೆಯಲ್ಲಿ ಹೆಂಗಸರು, "ದೊರೆಸಾನಿಗೆ ಗಾಳಿ ಹಿಡದೈತಂತ. ಗಂಡ ಕ್ವಾಣ್ಯಾಗ ಕೂಡಿ ಹಾಕಿ ಹೊಗಿ ಹಾಕಿ ಬಿಡಸ್ತಾನಂತ," ಎಂದು ಮಾತಾಡಿಕೊಂಡರು. ಮಿಲ್ಲಿನ ಕೂಲಿ ಹೆಂಗಸರು ಆ ಕಡೆ ಸುಳಿಯುವುದನ್ನೇ ಬಿಟ್ಟರು.

ಗುಲ್ಲನ್ನು ನಿಲ್ಲಿಸಬೇಕೆಂಬ ನೆಪ ಮಾಡಿಕೊಂಡು ಮಹಾಂತಮ್ಮ ಒಂದು ಶನಿವಾರ ಸಂಜೆ ಉಚ್ಚಮ್ಮನನ್ನು ಕರೆದುಕೊಂಡು ಹೋದಳು. ಇಬ್ಬರೂ ಹಳೆಯ ಸೀರೆ ಉಟ್ಟಿದ್ದರು. ಒಳಗೆ ಹೊಗೆಯಿರಲಿಲ್ಲ, ಬೆಂಕಿ ಆರಿಸಿ ಆಗಿತ್ತು. ಅರೆಬೆಳಕಿನಲ್ಲಿ ಹಸಿ ಮರದ ವಾಸನೆ, ಬೇವಿನ ವಾಸನೆ. ಹಿಲ್ಮಾ ಚೆಂಬಿನಿಂದ ಕಲ್ಲುಗಳ ಮೇಲೆ ನೀರು ಎರಚಿದಳು. ಬುಸ್ ಎಂದು ಎದ್ದ ಹಬೆ ಮೊದಲು ಕಿವಿಗೆ, ಆಮೇಲೆ ಭುಜಕ್ಕೆ, ಬೆನ್ನಿಗೆ ಇಳಿಯಿತು. ಉಸಿರು ಕಟ್ಟಿದಂತಾಗಿ ಮಹಾಂತಮ್ಮ ಏಳಹೋದಳು. ಉಚ್ಚಮ್ಮ ಅವಳ ರಟ್ಟೆ ಹಿಡಿದು ಕೂರಿಸಿದಳು.

"ಕುಂದ್ರ್ರಿ ಅಮ್ಮಾರ. ಇದು ಹೊಸದೇನಲ್ಲ. ಬಾಣಂತಿ ಕ್ವಾಣಿ ಇದು. ಪಂಪವ್ವನ್ನ ಹಡದಾಗ ನಿಮಗ ನಾ ಹಂಡೆಗಟ್ಟಲೆ ಬಿಸಿನೀರು ಹಾಕಿ, ಹೊದಿಸಿ ಬೆವರು ಇಳಿಸಿದ್ನಿಲ್ಲ? ಅದ ಇದು."

ಮಹಾಂತಮ್ಮ ಅದನ್ನು ಹಿಲ್ಮಾಳಿಗೆ ತಿಳಿಸಿ ಹೇಳಿದಳು. ಹಿಲ್ಮಾ ಬೇವಿನ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಉಚ್ಚಮ್ಮನ ಮುಖವನ್ನೇ ನೋಡಿದಳು.

"ನಾನು ಸೌನಾ ಒಳಗೆ ಹುಟ್ಟಿದ್ದು," ಎಂದಳು ತನ್ನ ಮುರುಕು ಹಿಂದೂಸ್ತಾನಿಯಲ್ಲಿ. "ನನ್ನ ಅಮ್ಮ ಕೂಡ. ಅದು ಬೆಚ್ಚಗೆ, ಸ್ವಚ್ಛ. ಊರಲ್ಲಿ ಎಲ್ಲರೂ ಅಲ್ಲೇ ಹೆರುತ್ತಾರೆ. ಸತ್ತವರ ಮೈಯನ್ನೂ ಅಲ್ಲೇ ತೊಳೆಯುತ್ತೇವೆ."

ಕೊನೆಯ ಮಾತನ್ನು ಮಹಾಂತಮ್ಮ ಉಚ್ಚಮ್ಮನಿಗೆ ಹೇಳಲಿಲ್ಲ. ಮುಂದೆಯೂ ಯಾರಿಗೂ ಹೇಳಲಿಲ್ಲ.

ಸಾಕೆನಿಸಿದಾಗ ಮೂವರೂ ಹೊರಗೆ ಬಂದು ಬಾವಿಯ ನೀರನ್ನು ತಲೆಯ ಮೇಲೆ ಸುರಿದುಕೊಂಡರು. ಮಹಾಂತಮ್ಮ ಒದ್ದೆ ಸೀರೆಯಲ್ಲಿ ಹಿತ್ತಲಿನ ಕಲ್ಲಿನ ಮೇಲೆ ಕೂತಳು. ಬೆಳಗಿನಿಂದ ಮುಖಕ್ಕೆ ಹೊಡೆಯುತ್ತಿದ್ದ ಅದೇ ಬಿಸಿಗಾಳಿ ಈಗ ಮೈಗೆ ತಣ್ಣಗೆ ಹತ್ತುತ್ತಿತ್ತು. ಗಾಳಿ ಬದಲಾಗಿಲ್ಲ, ತಾನು ಬದಲಾಗಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಹೇಗೆ ಎಂದು ತಿಳಿಯಲಿಲ್ಲ. ತೋಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು. ಆ ರಾತ್ರಿ ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು. ಮುಂದಿನ ಶನಿವಾರ ಯಾರೂ ಕರೆಯದೆಯೇ ಹೋದಳು.

ಪಂಪಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದದ್ದು ಶ್ರಾವಣದ ಕೊನೆಗೆ. ಹೆರಿಗೆಗೆ ಇನ್ನೂ ದಿನಗಳಿದ್ದವು. ಆ ವರ್ಷ ಭಾದ್ರಪದದ ಉತ್ತರಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬಿಸಿಲಿಗೆ ಕಟ್ಟಿದ ಮಣ್ಣಿನ ಮಾಳಿಗೆಗಳು ಜಡಿಮಳೆಗೆ ನೆನೆದು ನೆನೆದು ಕೂತವು. ಕೊಟ್ರಬಸಪ್ಪನವರ ಮನೆಯ ಎಲ್ಲ ಅಂಕಣಗಳಲ್ಲೂ ಪಾತ್ರೆ ಇಟ್ಟಿದ್ದರು. ಬೇಸಿಗೆಯಲ್ಲಿ ತಂಪಾಗಿದ್ದ ನಡುಮನೆ ಈಗ ಗುಹೆಯಂತೆ ಒಸರುತ್ತಿತ್ತು. ಬಾಣಂತನಕ್ಕೆಂದು ಸುಣ್ಣ ಬಳಿದು ಇಟ್ಟಿದ್ದ ಕೋಣೆಯ ಹಿಂಬದಿಯ ಗೋಡೆ ಒಂದು ಬೆಳಿಗ್ಗೆ ದಬ್ಬನೆ ಕುಸಿಯಿತು. ಆ ಸದ್ದಿಗೆ ಬೆಚ್ಚಿದ ಪಂಪಮ್ಮನಿಗೆ ಸ್ವಲ್ಪ ಹೊತ್ತಿಗೆ ನೋವು ಕಾಣಿಸಿಕೊಂಡಿತು. ಎಂಟು ತಿಂಗಳು ಆಗಷ್ಟೇ ತುಂಬಿತ್ತು.

ಉಚ್ಚಮ್ಮ ಗೋಣಿಚೀಲ ಹೊದ್ದು ಓಡಿಬಂದಳು. ಪಂಪಮ್ಮನ ಹೊಟ್ಟೆ ಮುಟ್ಟಿ ನೋಡಿ, ತೊಟ್ಟಿಕ್ಕುವ ಮಾಳಿಗೆಯನ್ನು ನೋಡಿ, "ಕೂಸು ಸಣ್ಣದು ಬರತೈತಿ ಅಮ್ಮಾರ. ಈ ಥಂಡ್ಯಾಗ ಉಳಿಯಂಗಿಲ್ಲ. ಹಿಲ್ಮಮ್ಮನ ಕ್ವಾಣಿ ಒಣಗೈತಿ. ಅಲ್ಲಿಗೆ ನಡೀರಿ," ಎಂದಳು.

ಕೊಟ್ರಬಸಪ್ಪನವರು ಅಡ್ಡ ನಿಂತರು. "ಅವ್ರು ಮಾಂಸ ತಿನ್ನೋರು. ಅವ್ರ ಕ್ವಾಣ್ಯಾಗ ನನ್ನ ಮಗಳು ಹಡಿಯೂದಂದ್ರ ಬೀಗರು ಏನಂತಾರ? ಮಠಕ್ಕ ಏನು ಹೇಳ್ಲಿ?"

ಮಹಾಂತಮ್ಮ ಮಗಳ ಹೆಗಲಿಗೆ ಕಂಬಳಿ ಹೊದಿಸಿದಳು. ಮಳೆಗೆ ಸಿಕ್ಕಿ ಅವರ ಪಡಸಾಲೆಯಲ್ಲೇ ಉಳಿದುಕೊಂಡಿದ್ದ ಗುರುಪಾದಯ್ಯನವರ ಕಡೆ ತಿರುಗಿ, "ನೀವ ಹೇಳ್ರಿ ಅಯ್ಯನವರ," ಎಂದಳು.

ಅವರು ಎದ್ದು ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ಹೋಗಿ ಆ ಕೋಣೆಯನ್ನು ನೋಡಿ ಬಂದರು. "ಕಲ್ಲು, ನೀರು, ಬೆಂಕಿ ಬಿಟ್ರ ಅಲ್ಲಿ ಏನೂ ಇಲ್ಲ ಕೊಟ್ರಬಸಪ್ಪ. ಯಾವ ಅಡಗಿನೂ ಆಗಿಲ್ಲ. ಇಗಾ ವಿಭೂತಿ, ಹಚ್ಚಿ ಕರಕೊಂಡು ಹೋಗಮ್ಮ. ಮಠದ ಮಾತು ನನಗ ಬಿಡ್ರಿ."

ಹಿಲ್ಮಾ ಆಗಲೇ ಬೆಂಕಿ ಹಾಕಿದ್ದಳು. ಹಲಗೆಗಳನ್ನು ಬಿಸಿನೀರು, ಬೂದಿ ಹಾಕಿ ತಿಕ್ಕಿದಳು. ಕಲ್ಲು ಹದವಾಗಿ ಕಾದ ಮೇಲೆ ಬೆಂಕಿಯನ್ನೆಲ್ಲ ಹೊರಗೆ ಎ‍ಳೆದು ಹೊಗೆ ಹೋಗಿಸಿದಳು. ಪಂಪಮ್ಮನನ್ನು ಇಬ್ಬರು ಹೆಂಗಸರು ಕೈಹಿಡಿದು ಹಿತ್ತಲು ದಾಟಿಸಿದರು. ಒಳಗೆ ಕಾಲಿಟ್ಟೊಡನೆ ಅವಳ ನಡುಕ ನಿಂತಿತು. ಹೊರಗೆ ಮಳೆ ಬಂಡೆಯ ಮೇಲೆ ಸುರಿಯುತ್ತಿತ್ತು. ಒಳಗೆ ಉಚ್ಚಮ್ಮ ಕೆಳಗೆ, ಹಿಲ್ಮಾ ಬೆನ್ನ ಹಿಂದೆ, ಮಹಾಂತಮ್ಮ ಪಕ್ಕಕ್ಕೆ. ಉಚ್ಚಮ್ಮನಿಗೆ ಹಿಲ್ಮಾಳ ಮಾತು ತಿಳಿಯುತ್ತಿರಲಿಲ್ಲ, ಹಿಲ್ಮಾಳಿಗೆ ಉಚ್ಚಮ್ಮನ ತೆಲುಗು-ಕನ್ನಡ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೂ ಒಬ್ಬಳು ಕೈ ಚಾಚುವ ಮೊದಲೇ ಇನ್ನೊಬ್ಬಳು ಬಟ್ಟೆಯನ್ನೋ ನೀರನ್ನೋ ಕೊಡುತ್ತಿದ್ದಳು.

ಮಧ್ಯಾಹ್ನ ದಾಟುವ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಒಂದು ಬೊಗಸೆಯಷ್ಟು. ಅಳಲಿಲ್ಲ. ಉಚ್ಚಮ್ಮ ಬೆನ್ನು ತಿಕ್ಕಿದಳು, ಬಾಯಿಗೆ ಬೆರಳು ಹಾಕಿ ತೆಗೆದಳು, ಮತ್ತೆ ತಿಕ್ಕಿದಳು. ಮಹಾಂತಮ್ಮ ಮಗಳ ಮುಖವನ್ನು ತನ್ನ ಕಡೆ ತಿರುಗಿಸಿ ಹಿಡಿದುಕೊಂಡಳು. ಬೆಕ್ಕಿನ ಮರಿಯಂಥ ಸಣ್ಣ ದನಿಯೊಂದು ಕೇಳಿಸಿತು. ಹಿಲ್ಮಾ ಬಾಗಿಲು ಅರ್ಧ ತೆರೆದು, ಹೊರಗೆ ಮಳೆಯಲ್ಲಿ ಕಾದು ನಿಂತಿದ್ದ ಗಂಡನಿಗೆ ತಮ್ಮ ಭಾಷೆಯಲ್ಲಿ ಒಂದೇ ಒಂದು ಮಾತು ಹೇಳಿದಳು. ಯಾಲ್ಮರಿ ಮಿಲ್ಲಿಗೆ ಓಡಿ, ಬೀಜ ತೆಗೆದ ಹೊಸ ಹತ್ತಿಯನ್ನು ಎರಡು ತೋಳಿನ ತುಂಬ ತಬ್ಬಿಕೊಂಡು ತಂದ. ಕೂಸನ್ನು ಆ ಹತ್ತಿಯಲ್ಲಿ ಹುದುಗಿಸಿ ಮೂಗು, ಬಾಯಿ ಮಾತ್ರ ಕಾಣುವಂತೆ ಮಲಗಿಸಿದರು.

ಮಳೆ ನಿಲ್ಲುವವರೆಗೂ, ನಿಂತ ಮೇಲೆಯೂ ಕೆಲವು ವಾರ, ತಾಯಿ ಮಗು ಆ ಕೋಣೆಯಲ್ಲೇ ಇದ್ದರು. ಹಿಲ್ಮಾ ದಿನಕ್ಕೆ ಎರಡು ಸಲ ಕಲ್ಲು ಕಾಯಿಸುತ್ತಿದ್ದಳು. ಕಾವು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತನ್ನ ಕೆನ್ನೆಯನ್ನು ಗೋಡೆಗೆ ಒತ್ತಿ ನೋಡುತ್ತಿದ್ದಳು. ಕೊಟ್ರಬಸಪ್ಪನವರು ಮೊದಲ ವಾರ ಆ ಕಡೆ ಬರಲಿಲ್ಲ. ಆಮೇಲೆ ಒಂದು ದಿನ ಬಾಗಿಲ ಹೊರಗೆ ನಿಂತು, "ಒಲಿಗೆ ಕಟಿಗಿ ಸಾಕೈತೇನು?" ಎಂದು ಕೇಳಿದರು. ಮರುದಿನ ಒಂದು ಬಂಡಿ ಜಾಲಿ ಕಟ್ಟಿಗೆ ಬಂದು ಇಳಿಯಿತು. ಕೂಸು ಮೈದುಂಬಿಕೊಂಡ ಮೇಲೆ ತೊಟ್ಟಿಲಿಗೆ ಹಾಕಿ ಗುರುಶಾಂತಮ್ಮ ಎಂದು ಹೆಸರಿಟ್ಟರು. ಬೀಗರು ಬಂದು ಹಬೆಕೋಣೆಯನ್ನು ಸುತ್ತಿ ನೋಡಿ, ನಮ್ಮ ಊರಲ್ಲೂ ಒಂದು ಕಟ್ಟಿಸಿದರೆ ಹೇಗೆ ಎಂದು ಯಾಲ್ಮರಿಯನ್ನು ಕೇಳಿ ಹೋದರು.

ಮುಂದಿನ ವರ್ಷ ದಸ್ತಗಿರಿ ಎಂಜಿನ್ನನ್ನು ಒಬ್ಬನೇ ನಡೆಸುವಂತಾದ ಮೇಲೆ ಗಂಡ ಹೆಂಡತಿ ಹೊರಟರು. ಮುಂಬಯಿಯಿಂದ ಹಡಗು ಹತ್ತಿ ಊರಿಗೇ ಹೋಗುವವರಿದ್ದರು. ಮಹಾಂತಮ್ಮ ಸ್ಟೇಷನ್ನಿಗೆ ಬಂದಳು. ಗಾಡಿ ಬರುವವರೆಗೂ ಇಬ್ಬರೂ ಬೆಂಚಿನ ಮೇಲೆ ಮಾತಿಲ್ಲದೆ ಕೂತರು. ಇಬ್ಬರಿಗೂ ಅಷ್ಟೇ ಸಾಕಿತ್ತು.

ಆ ವರ್ಷದ ಕೊನೆಗೆ ಪತ್ರಿಕೆಯಲ್ಲಿ ಫಿನ್ಲೆಂಡಿನ ಹೆಸರು ಬಂತು. ದೊಡ್ಡ ನೆರೆದೇಶ ಅದರ ಮೇಲೆ ಏರಿ ಹೋಗಿತ್ತು. ಆಳುದ್ದದ ಹಿಮದಲ್ಲಿ, ಕತ್ತಲಲ್ಲಿ, ಬಿಳಿ ಬಟ್ಟೆ ಹೊದ್ದ ಜನ ಕಾದುತ್ತಿದ್ದಾರೆಂದು ಕೊಟ್ರಬಸಪ್ಪನವರು ಓದಿ ಹೇಳಿದರು. ಮಹಾಂತಮ್ಮ ದಿನವೂ ಬೆಳಿಗ್ಗೆ ಪತ್ರಿಕೆಯವನು ಬರುವ ಹೊತ್ತಿಗೆ ಪಡಸಾಲೆಗೆ ಬರುತ್ತಿದ್ದಳು. ಹಿಲ್ಮಾಳ ಊರಿನ ಹೆಸರು ಮಾತ್ರ ಒಂದು ದಿನವೂ ಬರಲಿಲ್ಲ. ಅವರ ಸುದ್ದಿ ಆಮೇಲೆಯೂ ತಿಳಿಯಲಿಲ್ಲ. ಕೋಣೆಯನ್ನು ಉಚ್ಚಮ್ಮ ಓಣಿಯ ಬಾಣಂತಿಯರಿಗೆಲ್ಲ ಬಳಸತೊಡಗಿದಳು.

ಮಹಾಯುದ್ಧ ಮುಗಿದ ಮರುವರ್ಷ ಗುರುಪಾದಯ್ಯನವರು ಕೇದಾರಕ್ಕೆ ಯಾತ್ರೆ ಹೊರಟಾಗ ಮಹಾಂತಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು. ಐವತ್ತರ ಹತ್ತಿರದ ಮೊಣಕಾಲು, ಬೆಟ್ಟದ ದಾರಿ ಎಂದು ಮನೆಯವರೆಲ್ಲ ಬೇಡವೆಂದರು. ಸ್ವಾಮಿಯ ದರ್ಶನಕ್ಕೆ ಎಂದು ಅವಳು ಹೇಳಿದಳು. ಅದು ಸುಳ್ಳಾಗಿರಲಿಲ್ಲ, ಪೂರ್ತಿ ನಿಜವೂ ಆಗಿರಲಿಲ್ಲ.

ಗುಡಿಯ ಹಿಂದೆ ನೆರಳು ಬೀಳುವ ಕಡೆ ಹಿಮ ಇನ್ನೂ ಕರಗದೆ ಬಿದ್ದಿತ್ತು. ದರ್ಶನ ಮುಗಿಸಿ ಅವಳು ಚಪ್ಪಲಿ ಬಿಟ್ಟು ಅದರ ಮೇಲೆ ಕಾಲಿಟ್ಟಳು. ಗಟ್ಟಿಯಿದೆಯೆಂದು ತಿಳಿದಿದ್ದಳು, ಪಾದ ಮೆಲ್ಲಗೆ ಒಳಗೆ ಹೋಯಿತು. ಬಗ್ಗಿ ಒಂದು ಮುಷ್ಟಿ ತೆಗೆದು ನೋಡಿದಳು, ನಾಲಿಗೆಗೆ ಹಚ್ಚಿ ನೋಡಿದಳು, ಮುಷ್ಟಿ ಬಿಗಿದು ಅದು ಬೆರಳ ಸಂದಿಯಿಂದ ನೀರಾಗಿ ಇಳಿಯುವುದನ್ನು ನೋಡಿದಳು. ಗುಡಿಯ ಪೂಜಾರಿಗಳಲ್ಲಿ ಒಬ್ಬ ರಾಯಚೂರು ಕಡೆಯ ಜಂಗಮ. ಕನ್ನಡ ಕೇಳಿ ಹತ್ತಿರ ಬಂದು ನಿಂತಿದ್ದ.

"ಚಳಿಗಾಲದಾಗ ಇಲ್ಲಿ ಹೆಂಗಿರ್ತೀರಿ ಸ್ವಾಮಿ?" ಎಂದು ಅವಳು ಕೇಳಿದಳು.

"ಇರಂಗಿಲ್ಲ್ರಿ ಅಮ್ಮ. ದೀಪಾವಳಿ ಆದ ಮ್ಯಾಲೆ ಸ್ವಾಮೀನ್ನ ಪಲ್ಲಕ್ಯಾಗ ಕರಕೊಂಡು ಎಲ್ಲಾರೂ ಕೆಳಗಿನ ಊರಿಗೆ ಇಳಿದು ಬಿಡ್ತೀವಿ. ಆರು ತಿಂಗಳು ಇಲ್ಲಿ ಒಂದು ನರಪಿಳ್ಳಿ ಇರಂಗಿಲ್ಲ. ಇದ್ರ ಬದುಕಂಗಿಲ್ಲ."

"ಕೆಳಗ ಇಳೀದಂಗ ಇರೋ ಮಂದಿ ಅದಾರ," ಎಂದಳು ಮಹಾಂತಮ್ಮ. "ಸೂರ್ಯನೂ ಹುಟ್ಟದ ಊರಾಗ."

ಪೂಜಾರಿ ನಗಬೇಕೋ ಬೇಡವೋ ಎಂದು ಅವಳ ಮುಖ ನೋಡಿದ. ಡೋಲಿಯವರು ಇಳಿಯಲು ಹೊತ್ತಾಯಿತೆಂದು ಕೆಳಗಿನಿಂದ ಕೂಗುತ್ತಿದ್ದರು. ಗುರುಪಾದಯ್ಯನವರು ಅವರಿಗೆ ತಡೆಯಿರಿ ಎಂದು ಕೈ ಮಾಡಿ, ತಾವೂ ಬಂದು ಪಕ್ಕದ ಬಂಡೆಯ ಮೇಲೆ ಕೂತರು. ಮಹಾಂತಮ್ಮ ಕೆಂಪಾದ ಪಾದಗಳನ್ನು ಕಂಬಳಿಯೊಳಗೆ ಎಳೆದುಕೊಂಡು, ಆ ಜನ ಅಲ್ಲಿ ಹೇಗೆ ಇರುತ್ತಾರೆಂದು ಪೂಜಾರಿಗೆ ಹೇಳತೊಡಗಿದಳು.